ಬಿಗಿ ಹ್ಯಾಂಡಲ್

ಸವಾರನಿಲ್ಲದ ಸೈಕಲ್ಲನ್ನು ಜೋರಾಗಿ ತಳ್ಳಿ ಬಿಟ್ಟರೆ ಅದು ತಾನಾಗಿಯೇ ಬಹಳ ದೂರ ಬೀಳದೆ ಹೋಗುತ್ತದೆ. ಅದೇ ಸೈಕಲ್ಲಿನ ಹ್ಯಾಂಡಲ್ಲನ್ನು ಅಲ್ಲಾಡದ ಹಾಗೆ ಹಗ್ಗದಲ್ಲಿ ಬಿಗಿದು ತಳ್ಳಿದರೆ ನಾಲ್ಕು ಮಾರು ಹೋಗುವುದರೊಳಗೆ ಬೀಳುತ್ತದೆ. ಇದು ನನಗೆ ಗೊತ್ತಾದಾಗ ನನ್ನ ವಯಸ್ಸು ಐವತ್ತೆರಡು. ಆ ಹೊತ್ತಿಗೆ ಕಡೂರಿನಲ್ಲಿ ಮೂವತ್ತು ವರ್ಷ ದ್ವಿಚಕ್ರ ವಾಹನಗಳ ಮೆಕ್ಯಾನಿಕ್ ಆಗಿದ್ದೆ. ಸುತ್ತಿನ ಹಳ್ಳಿಗಳ ಮೋಟಾರ್ ಸೈಕಲ್ಲು, ಸ್ಕೂಟರು, ಮೊಪೆಡ್ಡುಗಳ ಪೈಕಿ ನನ್ನ ಕೈ ತಾಗದ್ದು ಕಡಿಮೆ. ಅವೆಲ್ಲ ಓಡುವಾಗ ಬೀಳದೆ ಯಾಕೆ ನಿಲ್ಲುತ್ತವೆ ಎಂಬುದರ ಬಗ್ಗೆ ನನಗಿದ್ದ ತಿಳುವಳಿಕೆ ತಪ್ಪು. ಆ ತಪ್ಪಿನಿಂದ ಒಬ್ಬ ಹೆಂಗಸು ಬಿದ್ದಳು. ಬಿದ್ದದ್ದು ಅವಳದೇ ತಪ್ಪು ಎಂದು ನಾನು ಹೇಳಿದೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಶೆಡ್ಡು ಯಾವಾಗ ಹಾಕಿದೆ, ತಗಡು ತೆಗೆಸಿ ತಾರಸಿ ಯಾವಾಗ ಮಾಡಿಸಿದೆ, ಯಾರು ಶಾಲು ಹೊದಿಸಿದರು, ಅದೆಲ್ಲ ಬೇಡ. ಒಂದು ಎಚ್ಚರಿಕೆ ಮಾತ್ರ ಮೊದಲೇ ಕೊಡುತ್ತೇನೆ. ನನ್ನ ನೆನಪು ಹಲವು ಸಲ ರಿಪೇರಿಯಾದ ಗಾಡಿ. ಹೊರಗಿನ ಬಣ್ಣ ಚೆನ್ನಾಗಿದೆ. ಒಳಗೆ ಯಾವುದು ಗಾಡಿಯ ಜೊತೆ ಬಂದ ಭಾಗ, ಯಾವುದು ಆಮೇಲೆ ನಾನೇ ತಂದು ಕೂರಿಸಿದ್ದು ಎಂದು ನನಗೇ ಹೇಳಲಾಗದು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಕೆಲಸ ಕಲಿತದ್ದು ತರೀಕೆರೆಯಲ್ಲಿ, ಬಾಷಾ ಸಾಬರ ಕೈಕೆಳಗೆ. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ದೊಡ್ಡ ಧ್ವನಿ, ಸಣ್ಣ ಆಳು. ಹ್ಯಾಂಡಲ್ಲು ತಿರುಗುವ ಕತ್ತಿನಲ್ಲಿ ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು, ಅವುಗಳಲ್ಲಿ ಸಾಲು ಗುಂಡುಗಳು ಇರುತ್ತವೆ. ಕೋನ್ ಸೆಟ್ ಎನ್ನುತ್ತೇವೆ. ಅದನ್ನು ಕೂರಿಸಿ ಮೇಲಿನ ನಟ್ಟು ಬಿಗಿದ ಮೇಲೆ ಉಸ್ತಾದ್ ಒಂದು ಪರೀಕ್ಷೆ ಮಾಡುತ್ತಿದ್ದರು. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನನಗೆ ಹಿಂದಿನಿಂದ ಒತ್ತಿ ಹಿಡಿಯಲು ಹೇಳಿ, ಮುಂದಿನ ಚಕ್ರ ನೆಲ ಬಿಟ್ಟಾಗ ಕಿರುಬೆರಳಿನಿಂದ ಹ್ಯಾಂಡಲ್ಲನ್ನು ಮುಟ್ಟುತ್ತಿದ್ದರು. ಅದು ತನ್ನ ಭಾರಕ್ಕೆ ತಾನೇ ಎಡಕ್ಕೆ ಬೀಳಬೇಕು. ಮತ್ತೆ ಮುಟ್ಟಿದರೆ ಬಲಕ್ಕೆ. ಬೀಳದಿದ್ದರೆ ನಟ್ಟು ಸಡಿಲಿಸುತ್ತಿದ್ದರು.

"ಯಾಕೆ ಉಸ್ತಾದ್? ಬಿಗಿಯಾಗಿದ್ರೆ ಒಳ್ಳೇದಲ್ವಾ?" ಎಂದು ಒಂದು ದಿನ ಕೇಳಿದೆ.

ಅವರು ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕತ್ತನ್ನು ಹಿಡಿದು ಬಿಗಿದರು. "ಈಗ ನಡಿ."

"ಉಸ್ತಾದ್, ನೋವಾಗ್ತದೆ."

"ನಡಿಯೋ ಲೇ!" ಎಂದು ಬೀದಿಯಲ್ಲಿ ತಳ್ಳಿಕೊಂಡು ಹೋದರು. ಕತ್ತು ತಿರುಗದೆ ನಾಲ್ಕು ಹೆಜ್ಜೆಗೆ ನಾನು ಪಕ್ಕದ ಹೋಟೆಲಿನ ಹಾಲಿನ ಕ್ಯಾನಿಗೆ ಎಡವಿದೆ. "ಗೊತ್ತಾಯ್ತಾ? ಕತ್ತು ಬಿಡು. ಎಲ್ಲಿಗೆ ವಾಲ್ಬೇಕು ಅನ್ನೋದು ಗಾಡಿಗೆ ಗೊತ್ತೈತೆ."

ಹೀಗೆ ನಡೆಯಿತೆಂದು ನಾನು ಹಲವರಿಗೆ ಹೇಳಿದ್ದೇನೆ. ಬರೆಯುವಾಗ ಅನುಮಾನ ಬರುತ್ತಿದೆ. ಕತ್ತು ಹಿಡಿದದ್ದು ನಿಜ, ಉಸ್ತಾದ್ ದಿನಕ್ಕೊಬ್ಬರ ಕತ್ತು ಹಿಡಿಯುತ್ತಿದ್ದರು. ಆದರೆ ಆ ಕೊನೆಯ ಮಾತು ಅವರು ಆಡಿದ್ದೋ, ಮುಂದೆ ಆದ ಅನಾಹುತದ ನಂತರ ನಾನೇ ಅವರ ಬಾಯಲ್ಲಿ ಇಟ್ಟಿದ್ದೋ? ಅವರು ನಿಜವಾಗಿ ಆಡಿದ್ದರೆ ನನ್ನ ತಪ್ಪು ಇನ್ನೂ ದೊಡ್ಡದು.

ಇಪ್ಪತ್ತೆರಡನೇ ವಯಸ್ಸಿಗೆ ಕಡೂರಿಗೆ ಬಂದು ನನ್ನದೇ ಶೆಡ್ಡು ಹಾಕಿದೆ. ಮೊದಲ ವರ್ಷಗಳ ಮರ್ಯಾದೆಗೇಡಿನ ಕತೆಯೂ ಒಂದು ಹೇಳಬೇಕು. ಯಗಟಿಯ ಕಡೆಯವನೊಬ್ಬ ಕುರಿ ವ್ಯಾಪಾರದವನು ತನ್ನ ಗಾಡಿ ಎಡಕ್ಕೆ ಎಳೆಯುತ್ತದೆ ಎಂದು ತಂದ. ಫೋರ್ಕು ಬಿಚ್ಚಿದೆ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಳೆದು ಸರಿ ಮಾಡಿದೆ, ಹಿಂದಿನ ಚಕ್ರಕ್ಕೂ ಮುಂದಿನದಕ್ಕೂ ದಾರ ಹಿಡಿದು ನೋಡಿದೆ. ಎರಡು ದಿನ ಹೋಯಿತು. ನಾನು ಓಡಿಸಿದರೆ ನೆಟ್ಟಗೆ ಹೋಗುತ್ತದೆ, ಅವನು ಓಡಿಸಿದರೆ ಎಡಕ್ಕೆ. ಮೂರನೇ ದಿನ ಅವನು ವ್ಯಾಪಾರಕ್ಕೆ ಹೊರಟವನು ಹಾಗೇ ಬಂದ, ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಟಗರು ಅಡ್ಡ ಮಲಗಿತ್ತು. ಅದರ ತಲೆ, ಕೊಂಬು, ಎದೆಯ ಭಾರವೆಲ್ಲ ಎಡಗಡೆ.

"ಏನಪ್ಪಾ, ಇದನ್ನ ಯಾವಾಗ್ಲೂ ಹಿಂಗೇ ಮಲಗಿಸ್ತೀಯಾ?"

"ಬಲಕ್ಕೆ ಮಲಗ್ಸಿದ್ರೆ ಬ್ರೇಕು ಹಿಡ್ಯೋ ಕೈಗೆ ಕೊಂಬು ತಿವೀತೈತೆ ಕಣಣ್ಣ."

ಎರಡು ದಿನದ ಕೂಲಿ ಕೇಳಲು ಮುಖವಿರಲಿಲ್ಲ. ಗಾಡಿ ತಂದವನನ್ನು ಗಾಡಿಗಿಂತ ಮೊದಲು ನೋಡಿ. ನನ್ನಿಂದ ಕಲಿಯುವ ಒಳ್ಳೆಯ ಪಾಠ ಇದೊಂದೇ ಇರಬಹುದು. ನಾನೇ ಅದನ್ನು ಕಲಿಯಲಿಲ್ಲ.

ಓಂಕಾರಪ್ಪ ಸಿಂಗಟಗೆರೆ ಹತ್ತಿರದ ಹಳ್ಳಿಯವನು, ತೆಂಗಿನಕಾಯಿ ವ್ಯಾಪಾರ. ಹಿಂದೆ ಅಡ್ಡಲಾಗಿ ಮೂಟೆ, ಹ್ಯಾಂಡಲ್ಲಿನ ಎರಡೂ ಕಡೆ ಜುಟ್ಟು ಕಟ್ಟಿದ ಕಾಯಿಗಳ ಗೊಂಚಲು. ಹಳ್ಳ ಬಂದರೆ ಗೊಂಚಲು ತೂಗಾಡಿ ಹ್ಯಾಂಡಲ್ಲನ್ನು ಎಳೆದಾಡುತ್ತಿತ್ತು.

"ಮಲ್ಲೇಶಿ, ಇದು ಹ್ಯಾಂಡಲ್ಲೋ ಎಮ್ಮೆ ಬಾಲವೋ? ಬಿಗಿ ಮಾಡೋ."

ಕಾಯಿಯನ್ನು ಹ್ಯಾಂಡಲ್ಲಿಗೆ ಕಟ್ಟಬೇಡ ಎನ್ನಬೇಕಿತ್ತು. ಗಿರಾಕಿಗೆ ಹಾಗೆ ಹೇಳಿದರೆ ಮುಂದಿನ ಶೆಡ್ಡಿಗೆ ಹೋಗುತ್ತಾನೆ. ನಟ್ಟಿಗೆ ಸ್ಪ್ಯಾನರ್ ಹಾಕಿ ಒಂದು ಸುತ್ತಿನ ಕಾಲು ಭಾಗ ಹೆಚ್ಚು ಎಳೆದೆ. ಅವನು ಒಂದು ರೌಂಡು ಹೋಗಿ ಬಂದ. ಮುಖ ಅರಳಿತ್ತು. "ಗೂಟ ಹೊಡ್ದಂಗೆ ನಿಂತೈತೆ ಕಣೋ!"

ಕಡೂರಿನ ಕಾಯಿ ಮಂಡಿಯಲ್ಲಿ ಒಬ್ಬ ಹೊಗಳಿದರೆ ಸಾಕು. ಒಂದು ವರ್ಷದೊಳಗೆ ಅಜ್ಜಂಪುರದ ಕಡೆಯಿಂದಲೂ ಜನ ಬರತೊಡಗಿದರು. ಬಿಗಿ ಮಾಡಿಕೊಡು, ಬಿಗಿ ಮಾಡಿಕೊಡು. ನನಗೆ ಬಿಗಿ ಮಲ್ಲೇಶಿ ಎಂದೇ ಹೆಸರಾಯಿತು. ಉಸ್ತಾದ್ ಕಲಿಸಿದ ಕಿರುಬೆರಳಿನ ಪರೀಕ್ಷೆ ಬಿಟ್ಟುಹೋಯಿತು. ಯಾವತ್ತು ಬಿಟ್ಟೆ ಎಂದು ಹೇಳಲಾರೆ, ಅಂಥದಕ್ಕೆ ದಿನಾಂಕ ಇರುವುದಿಲ್ಲ. ಅದರ ಬದಲು ಒಂದು ವಿಜ್ಞಾನ ಕಟ್ಟಿಕೊಂಡೆ. ಚಹಾ ಕುಡಿಯುತ್ತ ಗಿರಾಕಿಗಳಿಗೆ ಹೇಳುತ್ತಿದ್ದೆ: "ಬುಗುರಿ ತಿರುಗ್ತಾ ಇರೋವರೆಗೂ ಬೀಳ್ತದಾ? ಇಲ್ಲ. ಗಾಡಿನೂ ಹಂಗೇ. ಚಕ್ರ ತಿರುಗೋದ್ರಿಂದ ನಿಂತಿರ್ತದೆ. ಹ್ಯಾಂಡಲ್ಲು ಬರೀ ದಾರಿ ತೋರ್ಸೋಕೆ." ಜನ ತಲೆದೂಗುತ್ತಿದ್ದರು.

ಓಂಕಾರಪ್ಪನ ಹೆಂಡತಿ ಗಿರಿಜಮ್ಮ ಹಳ್ಳಿ ಆರೋಗ್ಯ ಕೇಂದ್ರದ ನರ್ಸು. ಐದು ಹಳ್ಳಿ ಅವಳ ಪಾಲಿಗೆ. ಮೊಪೆಡ್ಡಿನ ಮುಂದೆ ಕಾಲಿಡುವ ಜಾಗದಲ್ಲಿ ಲಸಿಕೆಯ ಐಸ್ ಪೆಟ್ಟಿಗೆ, ಹ್ಯಾಂಡಲ್ಲಿಗೆ ರಿಜಿಸ್ಟರ್ ಪುಸ್ತಕಗಳ ಚೀಲ ಹಾಕಿಕೊಂಡು ಇಪ್ಪತ್ತೆರಡು ವರ್ಷ ಓಡಿಸಿದವಳು. ಆ ಕಡೆಯ ಅಂಗನವಾಡಿಯ ಹೆಣ್ಣುಮಕ್ಕಳಿಗೆ ಗಾಡಿ ಕಲಿಸಿದವಳೂ ಅವಳೇ. ಒಂದು ದಿನ ಓಂಕಾರಪ್ಪ ಕಾಯಿ ತಂದ ಲಗೇಜ್ ಆಟೋದಲ್ಲೇ ಅವಳ ಮೊಪೆಡ್ಡನ್ನೂ ಹಾಕಿಕೊಂಡು ಬಂದ. ಕೋನ್ ಸೆಟ್ ಸವೆದಿತ್ತು, ಹೊಸದು ಹಾಕಿದೆ.

"ನನ್ನ ಗಾಡಿಗೆ ಮಾಡಿದಂಗೇ ಬಿಗಿ ಮಾಡಪ್ಪ. ಪೆಟ್ಟಿಗೆ ಹೊತ್ಕೊಂಡು ಓಡಾಡ್ತಾಳೆ."

ಅದೇ ಸ್ಪ್ಯಾನರ್, ಅದೇ ತೋಳು. ಗಾಡಿ ಮಾತ್ರ ಚಿಕ್ಕದು. ದೊಡ್ಡ ಬೈಕಿನ ಅಗಲ ಹ್ಯಾಂಡಲ್ಲಿಗೆ ಭುಜದ ಬಲ ಕೊಟ್ಟು ಹೇಗೋ ತಿರುಗಿಸಬಹುದು. ಮೊಪೆಡ್ಡಿನ ಗೇಣುದ್ದದ ಹ್ಯಾಂಡಲ್ಲು ಸೀಮೆಂಟಿನಲ್ಲಿ ಹೂತ ಹಾಗಾಯಿತು. ಅವತ್ತು ನಾನು ಮೊಪೆಡ್ಡನ್ನು ಓಡಿಸಿ ನೋಡದೆ ಅದೇ ಆಟೋಗೆ ಹತ್ತಿಸಿ ಕಳಿಸಿದೆ. ಮಳೆ ಬರುವಂತಿತ್ತು ಎಂದು ಮನೆಯಲ್ಲಿ ಹೇಳಿದ ನೆನಪು. ಮಳೆ ಬಂದ ನೆನಪಿಲ್ಲ.

ಮಾರನೇ ದಿನ ಲಸಿಕೆ ದಿನ. ಊರು ದಾಟಿ ಕೆರೆ ಏರಿ ಹತ್ತುವ ತಿರುವಿನಲ್ಲಿ ನಿಧಾನ ಮಾಡಿದವಳು ಮೊಪೆಡ್ಡಿನ ಸಮೇತ ಎಡಕ್ಕೆ ಒರಗಿದಳು. ಅಡ್ಡ ಯಾರೂ ಬಂದಿರಲಿಲ್ಲ, ರಸ್ತೆಯೂ ಒಣಗಿತ್ತು. ಎಡ ಮಣಿಕಟ್ಟಿನ ಮೂಳೆ ಮುರಿಯಿತು. ನೋಡಿದವರು ಹೇಳಿದ್ದು, ಅವಳು ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಮಂಜಿನ ತುಂಡುಗಳನ್ನು ಮಣ್ಣಿನಿಂದ ಹೆಕ್ಕಿ ಪೆಟ್ಟಿಗೆಗೆ ತುಂಬುತ್ತಿದ್ದಳಂತೆ.

ಓಂಕಾರಪ್ಪ ಮೊಪೆಡ್ಡನ್ನು ಮತ್ತೆ ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದ. "ಗಾಡೀಲಿ ಏನಾದ್ರೂ ಐತಾ ನೋಡಪ್ಪ."

ಮುಂದಿನ ಚಕ್ರ ಎತ್ತಿದೆ. ಬೆರಳಲ್ಲಿ ತಳ್ಳಿದರೆ ಹ್ಯಾಂಡಲ್ಲು ಅಲ್ಲಾಡಲಿಲ್ಲ. ಅಂಗೈಯಲ್ಲಿ ತಳ್ಳಿದೆ. ತಿರುಗಿತು, ತಿರುಗಿದಲ್ಲೇ ನಿಂತಿತು. ಓಂಕಾರಪ್ಪ ಬೀಡಿ ಹಚ್ಚಲು ಆ ಕಡೆ ತಿರುಗಿದಾಗ ನನ್ನ ಕೈ ಸ್ಪ್ಯಾನರ್ ತೆಗೆದುಕೊಂಡು ನಟ್ಟನ್ನು ಕಾಲು ಸುತ್ತು ಸಡಿಲಿಸಿತು. ಆಮೇಲೆ ಹೇಳಿದೆ: "ಗಾಡೀಲಿ ಏನೂ ಇಲ್ಲ ಗೌಡ್ರೆ. ಅಮ್ಮಾರಿಗೇ ಬ್ಯಾಲೆನ್ಸು ತಪ್ಪಿರ್ಬೇಕು."

ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಚೆನ್ನಾದ ವಾಕ್ಯ, ಅದಕ್ಕೇ ನಂಬಬಾರದು. ಬಿಗಿ ಹ್ಯಾಂಡಲ್ಲು ಯಾರನ್ನೂ ಬೀಳಿಸಲಾರದು, ಬುಗುರಿಯ ಥರ ಚಕ್ರ ಹಿಡಿದುಕೊಳ್ಳುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡದ್ದು ನಿಜ. ಹಾಗಿದ್ದರೆ ಸಡಿಲಿಸಿದ್ದೇಕೆ? ಅವನು ತಿರುಗುವವರೆಗೆ ಕಾದದ್ದೇಕೆ? ಆ ಸುಳ್ಳು ಬಹಳ ಸಲೀಸಾಗಿ ನಾಲಿಗೆಗೆ ಬಂತು.

ಈಗ ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಕಟ್ ಎನ್ನುವ ಸ್ಪ್ಯಾನರ್ ಬಂದಿದೆ. ಕಂಪ್ಯೂಟರ್ ಸಿಕ್ಕಿಸಿದರೆ ಗಾಡಿಯೇ ತನ್ನ ಕಾಯಿಲೆ ಹೇಳುತ್ತದೆ. ಬ್ಯಾಟರಿ ಗಾಡಿಯನ್ನು ಬಿಚ್ಚಲು ನನಗೆ ಬರುವುದೇ ಇಲ್ಲ. ಒಳ್ಳೆಯದು. ಆದರೆ ಗಿರಾಕಿಯ ಎದುರು ನಿಂತು ಬಾಯಿ ತೆರೆಯುವವನು ಇನ್ನೂ ಮೆಕ್ಯಾನಿಕ್ಕೇ. ಆ ಬಾಯಿಗೆ ಅಳತೆಯ ಸ್ಪ್ಯಾನರ್ ಬಂದಿಲ್ಲ.

ಹತ್ತು ತಿಂಗಳ ನಂತರ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಗಿರಿಜಮ್ಮ ಸಿಕ್ಕಳು. ಹೆಗಲಲ್ಲಿ ಐಸ್ ಪೆಟ್ಟಿಗೆ. ಸಿಂಗಟಗೆರೆ ಬಸ್ಸಿಗೆ ಕಾಯುತ್ತಿದ್ದಳು.

"ಏನ್ ಸಿಸ್ಟರ್, ಗಾಡಿ ತರ್ಲಿಲ್ವಾ?"

"ಗಾಡಿ ಬಿಟ್ಟೆ ಮಲ್ಲೇಶಣ್ಣ. ನೀನೇ ಹೇಳಿದ್ಯಂತಲ್ಲ, ಬ್ಯಾಲೆನ್ಸು ಹೋಗೈತೆ ಅಂತ. ಅಲ್ಲಿಂದಾಚೆ ಭಯ ಹುಟ್ಬಿಡ್ತು. ಮೆಟ್ಲು ಇಳೀವಾಗ್ಲೂ ಗೋಡೆ ಹಿಡ್ಕೋತೀನಿ."

"ಅದು ಹಂಗಲ್ಲ ಸಿಸ್ಟರ್..."

"ಕಿವಿ ಡಾಕ್ಟ್ರಿಗೂ ತೋರ್ಸ್ದೆ ಕಣಣ್ಣ. ಬ್ಯಾಲೆನ್ಸು ಕಿವಿಯೊಳಗಿರ್ತೈತಲ್ಲ. ಏನೂ ಕಾಣಲ್ಲ ಅಂದ್ರು, ನಾನೇ ಬಿಡ್ದೆ ಮಾತ್ರೆ ಬರೆಸ್ಕೊಂಡೆ. ತಗೊಂಡ್ರೆ ಬರೀ ನಿದ್ದೆ." ಚೀಲದಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದಳು. "ನಾನು ಕಲಿಸ್ತಿದ್ದ ಇಬ್ರೂ ಹುಡ್ಗೀರು ಬಿಟ್ಬಿಟ್ರು. ಸಿಸ್ಟರೇ ಬಿದ್ರೆ ನಮ್ ಗತಿ ಏನು ಅಂತಾರೆ. ಬಸ್ಸು ಇಳಿದು ಹಳ್ಳಿ ಹಳ್ಳಿಗೆ ನಡ್ಯೋದ್ರೊಳಗೆ ಮಂಜು ಕರಗೋಗ್ತೈತೆ. ಯಜಮಾನ್ರು ಕೆಲ್ಸ ಬಿಡು ಅಂತಾವ್ರೆ. ಅರ್ಜಿ ಬರ್ದಿಟ್ಟೀನಿ."

ಬಸ್ಸು ಬಂತು. ಅವಳು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ನನ್ನ ಒಂದು ಮಾತು ಅವಳ ಕಿವಿಯೊಳಗೆ ಹೋಗಿ ಕಾಯಿಲೆಯಾಗಿ ಕುಳಿತಿತ್ತು. ಆಗಲೂ ನಿಜ ಹೇಳದೆ ಶೆಡ್ಡಿಗೆ ವಾಪಸು ಹೋದೆ. ಬುಗುರಿಯನ್ನು ನಂಬಿಕೊಂಡೇ ಇದ್ದೆ.

ಬುಗುರಿಯನ್ನು ಬೀಳಿಸಿದವರು ರಂಗನಾಥ ಮೇಷ್ಟ್ರು. ಅಜ್ಜಂಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಹಳೇ ಸ್ಕೂಟರ್ ತಂದು ಕುಳಿತಿದ್ದಾಗ ಅವರಿಗೂ ನನ್ನ ಬುಗುರಿಯ ಪಾಠ ಒಪ್ಪಿಸಿದೆ. ಅವರು ನಕ್ಕರು.

"ಸೈಕಲ್ ಐತೇನ್ರೀ ಇಲ್ಲಿ? ಒಂದು ಹಗ್ಗ?"

ಅವತ್ತು ಸಂತೆ ಇರಲಿಲ್ಲ, ಪಕ್ಕದ ಮೈದಾನ ಖಾಲಿ. ಮೇಷ್ಟ್ರು ನನ್ನ ಸೈಕಲ್ಲನ್ನು ಹಿಡಿದು ಓಡಿ ತಳ್ಳಿ ಬಿಟ್ಟರು. ಅದು ಎಡಕ್ಕೆ ವಾಲಿತು, ಹ್ಯಾಂಡಲ್ಲು ತಾನೇ ಎಡಕ್ಕೆ ತಿರುಗಿತು, ಸೈಕಲ್ಲು ಮತ್ತೆ ಎದ್ದಿತು. ಬಲಕ್ಕೆ ವಾಲಿತು, ಹ್ಯಾಂಡಲ್ಲು ಬಲಕ್ಕೆ. ಮತ್ತೆ ಎದ್ದಿತು. ಕುಡಿದವನು ಮನೆ ಸೇರುವ ಹಾಗೆ ಓಲಾಡುತ್ತ ಮೈದಾನದ ಆ ತುದಿಗೆ ಹೋಗಿ, ವೇಗ ಸತ್ತ ಮೇಲೆ ಬಿತ್ತು.

"ಬೀಳೋ ಕಡೆಗೆ ತಿರುಗ್ತೈತೆ ನೋಡಿ. ತಿರುಗಿದ್ರೆ ಚಕ್ರಗಳು ಮತ್ತೆ ಭಾರದ ಅಡಿಗೆ ಬರ್ತವೆ. ನಿಂತಿರೋದು ಅಂದ್ರೆ ಇಷ್ಟೇ ಕಣ್ರೀ, ಬೀಳ್ತಾ ಬೀಳ್ತಾ ಸರಿ ಮಾಡ್ಕೊಳ್ಳೋದು. ಈಗ ಕಟ್ಟಿ."

ಹ್ಯಾಂಡಲ್ಲಿನ ಎರಡೂ ತುದಿಯಿಂದ ಸೀಟಿನ ಕಂಬಕ್ಕೆ ನಾನೇ ಹಗ್ಗ ಬಿಗಿದೆ. ನನ್ನಷ್ಟು ಚೆನ್ನಾಗಿ ಬಿಗಿಯುವವರು ತಾಲ್ಲೂಕಿನಲ್ಲಿ ಇರಲಿಲ್ಲ. ಮೇಷ್ಟ್ರು ಅಷ್ಟೇ ಜೋರಾಗಿ ತಳ್ಳಿದರು. ಚಕ್ರಗಳು ಅಷ್ಟೇ ಜೋರಾಗಿ ತಿರುಗುತ್ತಿದ್ದವು. ಎಡಕ್ಕೆ ವಾಲಿತು, ವಾಲುತ್ತಲೇ ಹೋಯಿತು, ಬಿತ್ತು. ಬಿದ್ದ ಮೇಲೂ ಚಕ್ರ ಗಿರ್ರೆಂದು ತಿರುಗುತ್ತಲೇ ಇತ್ತು.

"ಇನ್ನೊಂದ್ಸಲ," ಎಂದೆ. ಬಿತ್ತು. ಐದು ಸಲ ತಳ್ಳಿಸಿದೆ. ಆರನೆಯದನ್ನು ನಾನೇ ತಳ್ಳಿದೆ. ಮೇಷ್ಟ್ರು ಉಸಿರು ಬಿಡುತ್ತ, "ಚಕ್ರ ತಿರುಗೋದ್ರಿಂದ ಸ್ವಲ್ಪ ಸಹಾಯ ಐತೆ, ಇಲ್ಲ ಅನ್ನಲ್ಲ. ಆದ್ರೆ ಕತ್ತು ಕಟ್ಟಿದ್ರೆ ಮುಗೀತು," ಎಂದರು.

ಅದು ಸಾಲದೆಂಬಂತೆ ಇನ್ನೊಂದು ಪೆಟ್ಟು ಕೊಟ್ಟರು. ಓಡುವ ಗಾಡಿಯನ್ನು ಬಲಕ್ಕೆ ತಿರುಗಿಸಲು ಮೊದಲು ಹ್ಯಾಂಡಲ್ಲನ್ನು ಯಾವ ಕಡೆ ತಿರುಗಿಸುತ್ತೀರಿ ಎಂದರು. ಬಲಕ್ಕೆ ಎಂದೆ. "ಹಿಡೀಬೇಡಿ, ಅಂಗೈ ಮಾತ್ರ ಇಟ್ಟು ಓಡಿಸಿ ನೋಡಿ." ನನ್ನ ಬೈಕಿನಲ್ಲಿ ಹೋದೆ. ಬಲಕ್ಕೆ ಹೋಗಬೇಕೆಂದಾಗ ನನ್ನ ಬಲ ಅಂಗೈ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಿತು. ಅಂದರೆ ಚಕ್ರ ಒಂದು ಕೂದಲೆಳೆ ಎಡಕ್ಕೆ ತಿರುಗಿತು, ಗಾಡಿ ಬಲಕ್ಕೆ ಒರಗಿತು, ಆಮೇಲೆ ಬಲಕ್ಕೆ ಹೋಯಿತು. ಮೂವತ್ತೈದು ವರ್ಷದಿಂದ ಪ್ರತಿ ತಿರುವಿನಲ್ಲೂ ಎದುರು ದಿಕ್ಕಿಗೆ ತಿರುಗಿಸಿಕೊಂಡೇ ಬದುಕಿದ್ದೆ, ನನಗೇ ಸುದ್ದಿಯಿಲ್ಲ. ಗಾಡಿ ನಿಲ್ಲಿಸಿ ಇಳಿದೆ. ಅಷ್ಟು ಸೂಕ್ಷ್ಮದ ಕೆಲಸ ಮಾಡುವ ಹ್ಯಾಂಡಲ್ಲನ್ನು ನಾನು ಗೂಟ ಹೊಡೆದ ಹಾಗೆ ನಿಲ್ಲಿಸಿ ಒಬ್ಬ ಹೆಂಗಸಿನ ಕೈಗೆ ಕೊಟ್ಟಿದ್ದೆ.

ಆ ವಾರವೇ ಓಂಕಾರಪ್ಪ ಶೆಡ್ಡಿಗೆ ಬಂದವನು ಭುಜ ತಿಕ್ಕಿಕೊಳ್ಳುತ್ತ, "ಸೋಮವಾರ ಅರ್ಜಿ ಕೊಟ್ಬಿಡ್ತಾಳೆ, ನೆಮ್ಮದಿ," ಎಂದ. ಅವನ ಭುಜದ ನೋವಿಗೂ ಬಿಗಿ ಹ್ಯಾಂಡಲ್ಲೇ ಕಾರಣ ಎಂಬುದು ಆಗ ಹೊಳೆಯಿತು. ಅವನು ಅದನ್ನು ವಯಸ್ಸು ಎಂದುಕೊಂಡಿದ್ದ. ಗಿರಿಜಮ್ಮ ದಿನಾ ಮುಲಾಮು ಹಚ್ಚುತ್ತಿದ್ದಳಂತೆ.

ಭಾನುವಾರ ಉಪಕರಣದ ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ಅವರ ಊರಿಗೆ ಹೋದೆ. ಬೈಕಿನಲ್ಲಿ ಹೋಗುವ ಧೈರ್ಯ ಇರಲಿಲ್ಲ ಎನ್ನಿಸುತ್ತದೆ, ಅಥವಾ ಬೈಕು ಬೇರೆಯವರಿಗೆ ಕೊಟ್ಟಿದ್ದೆನೋ. ಓಂಕಾರಪ್ಪ ಜಗಲಿಯಲ್ಲಿದ್ದ, ಅಕ್ಕಪಕ್ಕದ ನಾಲ್ಕೈದು ಜನ ಇದ್ದರು. ಗಿರಿಜಮ್ಮ ಬಾಗಿಲಿಗೆ ಬಂದಳು. ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಹ್ಯಾಂಡಲ್ಲು ಬಿಗಿದದ್ದು ನಾನು. ಅದರಿಂದಲೇ ಬಿದ್ದದ್ದು. ಬಿದ್ದ ಮೇಲೆ ಯಾರಿಗೂ ಕಾಣದ ಹಾಗೆ ಸಡಿಲಿಸಿದೆ. ಸಿಸ್ಟರ್ ಬ್ಯಾಲೆನ್ಸು ಸರಿಯಾಗಿದೆ, ಸುಳ್ಳು ಹೇಳಿದ್ದು ನಾನು.

ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದೆ. ಓಂಕಾರಪ್ಪ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ಸಾಕು ಬಿಡಪ್ಪ ಮಲ್ಲೇಶಿ. ದೊಡ್ಡ ಮನಸು ನಿಂದು. ಹೆಣ್ಮಗಳಿಗೆ ಧೈರ್ಯ ಬರ್ಲಿ ಅಂತ ತಪ್ಪನ್ನ ತನ್ನ ಮೇಲೆ ಹಾಕೊಂಡವ್ನೆ ನೋಡ್ರೋ."

"ಅಲ್ಲ ಗೌಡ್ರೆ, ನಿಜವಾಗ್ಲೂ..."

"ಗೊತ್ತಾಯ್ತು ಬಿಡು. ಏ, ಇವನಿಗೊಂದು ಎಳನೀರು ಕೊಚ್ಚಿ ಕೊಡ್ರೋ!"

ಪಕ್ಕದ ಮನೆಯ ಅಜ್ಜಿ, "ಇಂಥ ಮೆಕಾನಿಕ್ಕು ಎಲ್ಲಿ ಸಿಗ್ತಾನಪ್ಪ," ಎಂದು ಕಣ್ಣೊರೆಸಿಕೊಂಡಳು. ಎಳನೀರು ಬಂತು. ಅದನ್ನು ಕೈಯಲ್ಲಿ ಹಿಡಿದು ನಾನು ದಂಗಾಗಿ ನಿಂತೆ. ಸುಳ್ಳು ಹೇಳಿದಾಗ ಒಬ್ಬರೂ ಮರು ಪ್ರಶ್ನೆ ಕೇಳಿರಲಿಲ್ಲ. ನಿಜ ಹೇಳಿದರೆ ನಂಬುವವರು ಒಬ್ಬರೂ ಇಲ್ಲ. ನನ್ನ ತಪ್ಪೊಪ್ಪಿಗೆಯೂ ಅವಳ ದೌರ್ಬಲ್ಯಕ್ಕೆ ಇನ್ನೊಂದು ಸಾಕ್ಷಿಯಾಗಿಬಿಟ್ಟಿತ್ತು.

ಗಿರಿಜಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ನನ್ ಮುಖ ನೋಡ್ಕೊಂಡು ಹೇಳು. ನಿಜವಾ?"

"ನಿಜ ಸಿಸ್ಟರ್."

"ಹಂಗಾದ್ರೆ ತೋರ್ಸು."

ಮೊಪೆಡ್ಡು ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಗಾಳಿ ಹೊಡೆದೆ, ಓಂಕಾರಪ್ಪನ ಬೈಕಿನಿಂದ ಪೆಟ್ರೋಲ್ ಇಳಿಸಿದೆ, ಪ್ಲಗ್ ಉಜ್ಜಿದೆ. ಆಮೇಲೆ ಅವತ್ತಿನ ಹಾಗೇ ನಟ್ಟಿಗೆ ಸ್ಪ್ಯಾನರ್ ಹಾಕಿ ಅಷ್ಟೇ ಎಳೆದೆ. ಹೆಚ್ಚು ಎಳೆದೆನೇ? ಒಂದು ಕೂದಲು ಹೆಚ್ಚು ಎಳೆದಿರಬಹುದು. ಪ್ರಯೋಗ ಮಾಡುವವನಿಗೆ ಫಲಿತಾಂಶದ ಆಸೆ ಇರಬಾರದು ಎಂದು ಮೇಷ್ಟ್ರು ಆಮೇಲೆ ಹೇಳಿದರು. ನನಗೆ ಆಸೆಯಿತ್ತು.

"ಮೊದ್ಲು ನಾನು ಓಡ್ಸಿ ತೋರಿಸ್ತೀನಿ," ಎಂದೆ.

"ನೀನಾ? ನೀನು ಬೇಕು ಅಂತ್ಲೇ ಬೀಳ್ತೀಯ," ಎಂದು ಓಂಕಾರಪ್ಪ ಪಂಚೆ ಎತ್ತಿ ಕಟ್ಟಿದ. "ಕೊಡಿಲ್ಲಿ. ನಲವತ್ತು ವರ್ಷ ಗಾಡಿ ಓಡ್ಸಿದೀನಿ, ಇದೇನು ಮಹಾ."

ಮೊದಲ ಹತ್ತು ಮಾರು ನೆಟ್ಟಗೆ ಹೋದ. ಹಿಂದಕ್ಕೆ ತಿರುಗಿ ನಗಲು ನೋಡಿದ. ಆಗ ಮೊಪೆಡ್ಡು ಬಲಕ್ಕೆ ವಾಲಿತು. ಅವನು ತಿದ್ದಿದ, ಹ್ಯಾಂಡಲ್ಲು ಮೊದಲು ಅಲುಗಲಿಲ್ಲ, ಆಮೇಲೆ ಒಂದೇ ಸಲ ಬೇಕಾದ್ದಕ್ಕಿಂತ ಹೆಚ್ಚು ತಿರುಗಿತು. ಎಡಕ್ಕೆ ವಾಲಿದ. ಮತ್ತೆ ತಿದ್ದಿದ. ಹಾವು ಹರಿದ ಹಾಗೆ ಹೋಗುತ್ತ, ಎರಡೂ ಕಾಲು ನೆಲಕ್ಕೆ ಉಜ್ಜುತ್ತ, "ಏಯ್ ಏಯ್ ಏಯ್" ಎನ್ನುತ್ತ ತನ್ನದೇ ತೆಂಗಿನ ಮಟ್ಟೆಯ ರಾಶಿಗೆ ನುಗ್ಗಿ ಮಗುಚಿಕೊಂಡ.

ಪಕ್ಕದ ಮನೆಯ ಅಜ್ಜಿ ಕೂಗಿದಳು: "ಓಂಕಾರಪ್ಪೋ! ಕಿವಿ ಡಾಕ್ಟ್ರಿಗೆ ತೋರ್ಸ್ಕೊಂಡು ಬಾರಪ್ಪೋ!"

ಜಗಲಿ ನಕ್ಕಿತು. ಓಂಕಾರಪ್ಪ ಮೊಣಕೈ ಊದಿಕೊಳ್ಳುತ್ತ ಎದ್ದ. "ನಂಗೆ ಮೊಪೆಡ್ಡು ಅಭ್ಯಾಸ ಇಲ್ಲ ಕಣ್ರೋ."

ಗಿರಿಜಮ್ಮ ನಗಲಿಲ್ಲ. "ನಂಗೆ ಇಪ್ಪತ್ತೆರಡು ವರ್ಷ ಅಭ್ಯಾಸ ಇತ್ತು ಕಣ್ರೀ. ಅವತ್ತು ಅದು ನನ್ ಗಾಡಿನೇ ಆಗಿರ್ಲಿಲ್ಲ."

ನಾನು ಸಡಿಲಿಸಲು ಬಗ್ಗಿದೆ. ಅವಳು ಕೈ ಚಾಚಿದಳು. "ಸ್ಪ್ಯಾನರ್ ಇಲ್ಲಿ ಕೊಡು. ನೀನು ಬಾಯಲ್ಲಿ ಹೇಳು, ನಾನು ತಿರುಗಿಸ್ತೀನಿ."

ಹೇಳಿದೆ. ಮುರಿದು ಕೂಡಿದ ಎಡಗೈಯಲ್ಲಿ ಹ್ಯಾಂಡಲ್ಲನ್ನು ಒತ್ತಿ ಹಿಡಿದು ಬಲಗೈಯಲ್ಲಿ ನಟ್ಟು ತಿರುಗಿಸಿದಳು. ಎಷ್ಟು ಸಡಿಲಾದರೆ ಸಾಕು, ಹೇಗೆ ನೋಡಬೇಕು, ಯಾವ ಸದ್ದು ಬಂದರೆ ಹೆಚ್ಚಾಯಿತು, ಎಲ್ಲ ಕೇಳಿ, ಎಲ್ಲ ತಾನೇ ಮಾಡಿದಳು. ಸೆರಗು ಸಿಕ್ಕಿಸಿ ಹತ್ತಿದಳು. ಮೊದಲ ತಿರುವಿನವರೆಗೆ ಎರಡೂ ಕಾಲು ಕೆಳಗೆ ಬಿಟ್ಟುಕೊಂಡೇ ಹೋದಳು. ತಿರುವಿನಲ್ಲಿ ಕಾಲು ಮೇಲೆ ಬಂದವು. ಕಣ್ಣಿಗೆ ಕಾಣದಾದಳು. ಸದ್ದು ಕೆರೆ ಏರಿಯ ಕಡೆ ಹೋಗಿ ನಿಂತಿತು. ಬಹಳ ಹೊತ್ತು ಮತ್ತೆ ಕೇಳಲಿಲ್ಲ. ಓಂಕಾರಪ್ಪ ಎದ್ದು ನಿಂತ. ನಾನೂ ನಿಂತೆ.

ವಾಪಸು ಬಂದಳು. ಅಳುತ್ತಿದ್ದಳು. ಗಾಳಿಗೆ ನೀರು ಬಂದಿರಬಹುದು ಎಂದು ಬರೆದರೆ ನನಗೆ ಹಗುರವಾಗುತ್ತದೆ. ಅಳುತ್ತಿದ್ದಳು. ಇಳಿಯದೆ ಒಳಗೆ ಕೂಗಿ ಐಸ್ ಪೆಟ್ಟಿಗೆ ತರಿಸಿ ಮುಂದೆ ಇಟ್ಟುಕೊಂಡಳು. ಮಾರನೇ ದಿನದ ಲಸಿಕೆಗೆ ಮಂಜು ತರಲು ಕಡೂರಿಗೆ ಹೋಗಬೇಕಿತ್ತು. ಅರ್ಜಿಯ ಮಾತು ಗಂಡ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಆಗಿಹೋಯಿತು, ಕ್ಷಮಿಸಿದಳು ಎಂದುಕೊಂಡು ನಾನು ಚೀಲ ಹೆಗಲಿಗೇರಿಸಿದೆ.

"ಸಿಸ್ಟರ್, ಹೆಂಗೂ ಕಡೂರಿಗೇ ಹೋಗ್ತೀರಲ್ಲ. ನನ್ನೂ ಬಿಡ್ತೀರಾ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

"ಐದು ಗಂಟೆಗೆ ಬಸ್ಸೈತೆ. ಹನ್ನೊಂದು ತಿಂಗಳು ನಾನು ಕಾದಿದ್ದೀನಿ. ನೀನೂ ಕಾದ್ಕೊಂಡು ಕೂತ್ಕೋ," ಎಂದು ಹೊರಟುಹೋದಳು.